ಬಾಡಿಗೆ ಮನೆಯ ಒಡೆಯ ಯಾರು? ಹಟ್ಟಿಯಂಗಡಿಯಿಂದ ಗಾಮದೇವಿಗೆ ಒಂದು ಲೆಕ್ಕ

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತವ್ರು, ಪಿಜಿಯಲ್ಲಿ ಮಲಗಿ ಕೇಳ್ತಾ ಇರೋವ್ರು, ಇವತ್ತಿನ ಕಥೆ ನಿಮ್ಮದೇ. ಯಾಕಂದ್ರೆ ಇದು ಬಾಡಿಗೆಯ ಕಥೆ.

ಮೊದಲು ಒಂದು ಹೆಸರಿಂದ ಶುರು ಮಾಡೋಣ. ರೋಹಿಣಿ ಹಟ್ಟಂಗಡಿ. 1982ರ 'ಗಾಂಧಿ' ಸಿನಿಮಾದಲ್ಲಿ ಕಸ್ತೂರಬಾ ಪಾತ್ರ ಮಾಡಿದವರು. ಅವರು ಹುಟ್ಟಿದ್ದು ಪುಣೆಯಲ್ಲಿ. 'ಹಟ್ಟಂಗಡಿ' ಅನ್ನೋ ಹೆಸರು ಬಂದದ್ದು ಅವರ ಗಂಡ, ರಂಗನಿರ್ದೇಶಕ ಜಯದೇವ ಹಟ್ಟಂಗಡಿಯವರ ಕಡೆಯಿಂದ. ಆ ಹೆಸರಿನ ಬೇರು ನಮ್ಮ ಕುಂದಾಪುರ ತಾಲ್ಲೂಕಿನ ಹಟ್ಟಿಯಂಗಡಿಯಲ್ಲಿದೆ. ವಾರಾಹಿ ಹೊಳೆ ದಂಡೆ, ಆಳುಪರ ಕಾಲದ ಊರು, ಸಿದ್ಧಿವಿನಾಯಕ ದೇವಸ್ಥಾನ ಇರೋ ಜಾಗ.

ಚಿತ್ರಾಪುರ ಸಾರಸ್ವತರಲ್ಲಿ ಊರಿನ ಹೆಸರನ್ನೇ ಅಡ್ಡಹೆಸರು ಮಾಡ್ಕೊಳ್ಳೋದು ರೂಢಿ. ಹಟ್ಟಂಗಡಿ, ಬಸ್ರೂರು, ಕಲ್ಯಾಣಪುರ, ಕಾಯ್ಕಿಣಿ, ಹೀಗೆ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಇಂಗ್ಲಿಷ್ ಕಲಿತ ಮೇಲೆ ಗುಮಾಸ್ತ, ವಕೀಲ, ಮಾಸ್ತರು ಕೆಲಸಕ್ಕೆ ಮುಂಬಯಿ. ಕೆಲಸವೇನೋ ಸಿಕ್ಕಿತು. ಮನೆ?

1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು. ಇಕ್ಕಟ್ಟಾದ ಚಾಳುಗಳೇ ರೋಗಕ್ಕೆ ಕಾರಣ ಅಂತ ಸರಕಾರ 1898ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಮಾಡಿತು. ಹಳೇ ಕೇರಿ ಒಡೆಯೋದು, ಅಗಲ ರಸ್ತೆ ಮಾಡೋದು, ಸೈಟುಗಳನ್ನ ಗೇಣಿಗೆ ಕೊಡೋದು ಅದರ ಕೆಲಸ. ಆದ್ರೆ ಒಡೆದಷ್ಟು ಬೇಗ ಕಟ್ಟಲಿಲ್ಲ ಅನ್ನೋ ದೂರು ಆಗ್ಲೇ ಇತ್ತು. ಮನೆ ಕಮ್ಮಿ, ಜನ ಜಾಸ್ತಿ. ಬಾಡಿಗೆ ಏರಿತು.

ಇಲ್ಲಿ ಬರ್ತಾರೆ ಶ್ರೀಪಾದ ಸುಬ್ರಾವ್ ತಾಳ್ಮಕಿ. ವಕೀಲರು. ಗುರುಗಳಾದ ಶಾಮರಾವ್ ವಿಠ್ಠಲ ಕಾಯ್ಕಿಣಿಯವರ ಹೆಸರಲ್ಲಿ 1906ರಲ್ಲಿ ಒಂದು ಸಹಕಾರಿ ಬ್ಯಾಂಕ್ ಶುರು ಮಾಡಿದ್ರು. ಇವತ್ತಿನ ಎಸ್‌ವಿಸಿ ಬ್ಯಾಂಕ್ ಅದೇ. ಗಮನಿಸಿ, 1904ರ ಸಹಕಾರಿ ಕಾಯ್ದೆಯಲ್ಲಿ ಸಾಲ ಕೊಡೋ ಸಂಘಕ್ಕೆ ಮಾತ್ರ ಅವಕಾಶ ಇತ್ತು. 1912ರ ಕಾಯ್ದೆ ಬೇರೆ ಥರದ ಸಂಘಗಳಿಗೂ ಬಾಗಿಲು ತೆರೀತು. ಮೂರೇ ವರ್ಷ. 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ನೋಂದಣಿ ಆಯ್ತು. ಭಾರತದ ಮೊದಮೊದಲ ಗೃಹ ಸಂಘಗಳಲ್ಲಿ ಒಂದು. ಗಾಮದೇವಿ ಕೂಡ ಇಂಪ್ರೂವ್‌ಮೆಂಟ್ ಟ್ರಸ್ಟೇ ಹೊಸದಾಗಿ ರೂಪಿಸಿದ ಬಡಾವಣೆ.

ಈಗ ಲೆಕ್ಕ ನೋಡೋಣ. ನಾನು ಬಿ.ಕಾಂ. ಓದಿದವ, ನಂಗೆ ಮಜಾ ಬರೋದು ಇಲ್ಲೇ.

ಆ ಸಂಘ ಸದಸ್ಯರಿಗೆ ಮನೆ ಮಾರಲಿಲ್ಲ. ಬಾಡಿಗೆಗೆ ಕೊಟ್ಟಿತು. ಕಟ್ಟಡ ಇಡೀ ಸಂಘದ ಆಸ್ತಿ. ಸದಸ್ಯ ಷೇರು ತಗೊಳ್ತಾನೆ, ಒಂದು ಫ್ಲ್ಯಾಟಿನಲ್ಲಿ ಇರ್ತಾನೆ, ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತಾನೆ. ಆ ಬಾಡಿಗೆಯಲ್ಲೇ ಸಾಲದ ಕಂತು, ರಿಪೇರಿ, ತೆರಿಗೆ ಎಲ್ಲ ನಡೀಬೇಕು. ಲಾಭ ತಗೊಂಡು ಹೋಗೋ ಮೂರನೆಯವ ಯಾರೂ ಇಲ್ಲ. ಬಾಡಿಗೆ ಕೊಡೋನೂ ಅವನೇ, ಮಹಾಸಭೆಯಲ್ಲಿ ಬಾಡಿಗೆ ಬಗ್ಗೆ ಕೈ ಎತ್ತೋನೂ ಅವನೇ. ಇದನ್ನ 'ಟೆನೆಂಟ್ ಕೋ-ಪಾರ್ಟ್‌ನರ್‌ಶಿಪ್' ಅಂತಿದ್ರು. 1901ರಲ್ಲಿ ಲಂಡನ್ ಹತ್ತಿರದ ಈಲಿಂಗ್‌ನಲ್ಲಿ ಕಟ್ಟಡ ಕೆಲಸಗಾರರು ಶುರು ಮಾಡಿದ ಪದ್ಧತಿ.

ಆದ್ರೆ ಕರಾವಳಿಯವರಿಗೆ ಇದು ಪೂರ್ತಿ ಹೊಸತಾಗಿತ್ತಾ? ನಂಗೆ ಹಾಗೆ ಅನ್ಸಲ್ಲ. ನಮ್ಮಲ್ಲಿ ಎರಡು ಥರದ ಗೇಣಿ ಇತ್ತು. ಚಾಲಗೇಣಿ ಅಂದ್ರೆ ಧಣಿ ಏಳು ಅಂದ್ರೆ ಏಳ್ಬೇಕು. ಮೂಲಗೇಣಿ ಅಂದ್ರೆ ಗೊತ್ತು ಮಾಡಿದ ಗೇಣಿ ಕೊಡ್ತಾ ಇದ್ರೆ ಮಕ್ಕಳು ಮೊಮ್ಮಕ್ಕಳವರೆಗೂ ಎಬ್ಬಿಸೋ ಹಾಗಿಲ್ಲ. ನನ್ನ ಮಾತಲ್ಲಿ ಹೇಳೋದಾದ್ರೆ, ಮುಂಬಯಿ ಚಾಳಿನ ಚಾಲಗೇಣಿಯವರನ್ನ ತಾಳ್ಮಕಿಯವರು ಮೂಲಗೇಣಿಯವರನ್ನಾಗಿ ಮಾಡಿದ್ರು.

ಹಾಗಂತ ಹೊಗಳಿ ಮುಗಿಸಿದ್ರೆ ಮೋಸ ಆಗತ್ತೆ. ಆ ಸಂಘ ಒಂದೇ ಸಮುದಾಯಕ್ಕೆ ಕಟ್ಟಿದ್ದು. ಅದೇ ಕುಂದಾಪುರದ ಕಡೆಯಿಂದ ಹೋಗಿ ಹೋಟೆಲಲ್ಲಿ ಲೋಟ ತೊಳೆದು, ಬಾಗಿಲು ಹಾಕಿದ ಮೇಲೆ ಅಲ್ಲೇ ಮೇಜಿನ ಮೇಲೆ ಮಲಗ್ತಿದ್ದ ಹುಡುಗನಿಗೆ ಅಲ್ಲಿ ಜಾಗ ಇರ್ಲಿಲ್ಲ. ಷೇರು ಹಣ ಇರೋವ್ರಿಗೆ, ಸಂಬಳದ ಚೀಟಿ ಇರೋವ್ರಿಗೆ ಮಾತ್ರ ಅದು ಆಗೋ ಕೆಲಸ.

ಹಾಗಾದ್ರೆ ಎಲ್ಲರಿಗೂ ಸರಕಾರವೇ ಕಟ್ಟಿದ್ರೆ? ಅದೂ ಆಯ್ತು. 1920ರಲ್ಲಿ ಗವರ್ನರ್ ಜಾರ್ಜ್ ಲಾಯ್ಡ್ ಕಾಲದಲ್ಲಿ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ಬಂತು. ದೊಡ್ಡ ಸಾಲ ಎತ್ತಿದ್ರು, ಮುಂಬಯಿಗೆ ಬರೋ ಹತ್ತಿಯ ಬೇಲಿಗೆ ಒಂದು ರೂಪಾಯಿ ತೆರಿಗೆ ಹಾಕಿದ್ರು. ಗುರಿ 50,000 ಕೋಣೆ. ಕಟ್ಟಿದ್ದು ಸುಮಾರು 16,000. ವರ್ಲಿ, ನಾಯಗಾಂವ್, ಡಿಲೈಲ್ ರೋಡ್, ಶಿವಡಿಯಲ್ಲಿ 207 ಚಾಳು. ಇಷ್ಟಾಗಿಯೂ ಮೊದಲ ವರ್ಷಗಳಲ್ಲಿ ತುಂಬಾ ಕೋಣೆ ಖಾಲಿ ಬಿದ್ದಿತ್ತು. ಒಂದೊಂದು ಕೋಣೆ, ಸಾಲು ಕಕ್ಕಸು, ಹೊರಗೆ ಕಾಂಕ್ರೀಟು. ಎಲ್ಲಿ ಬೇಕು, ಹೇಗೆ ಬೇಕು, ಎಷ್ಟು ಬಾಡಿಗೆ ಕೊಡಕ್ಕಾಗತ್ತೆ ಅಂತ ಕಾರ್ಮಿಕನನ್ನ ಕೇಳೋ ಜಾಗವೇ ಆ ಯೋಜನೆಯಲ್ಲಿ ಇರ್ಲಿಲ್ಲ.

ಒಂದು ಕಡೆ ಬಾಡಿಗೆದಾರನಿಗೆ ಮಾತಿತ್ತು, ಬಾಗಿಲು ಎಲ್ಲರಿಗೂ ತೆರೆದಿರ್ಲಿಲ್ಲ. ಇನ್ನೊಂದು ಕಡೆ ಸರಕಾರದ ದುಡ್ಡಿತ್ತು, ಬಾಡಿಗೆದಾರನಿಗೆ ಮಾತಿರ್ಲಿಲ್ಲ.

ಊರಲ್ಲೇನಾಯ್ತು? 1974ರ ಮಾರ್ಚ್ 1ರಿಂದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂತು. ದೇವರಾಜ ಅರಸರ ಕಾಲ. ಕರಾವಳಿಯಲ್ಲಿ ಈಗ್ಲೂ ಹಿರಿಯರು 'ಡಿಕ್ಲರೇಶನ್ ಕೊಟ್ಟದ್ದು' ಅಂತಾರಲ್ಲ, ಅದೇ. ಏಳನೇ ನಂಬರ್ ಫಾರ್ಮ್ ತುಂಬಿ ಭೂ ನ್ಯಾಯಮಂಡಳಿಗೆ ಅರ್ಜಿ. ಗೇಣಿ ಒಕ್ಕಲು ಭೂಮಾಲೀಕರಾದ್ರು. ಅದು ನಿಜವಾಗ್ಲೂ ದೊಡ್ಡ ಬದಲಾವಣೆ. ಅಲ್ಲಿಂದ ಜನತಾ ಮನೆ, ಆಶ್ರಯ, ಬಸವ ವಸತಿ, ಅಂಬೇಡ್ಕರ್ ನಿವಾಸ, 2016ರ ಪ್ರಧಾನ ಮಂತ್ರಿ ಗ್ರಾಮೀಣ ಆವಾಸ್, ಎಲ್ಲದರ ದಾರಿಯೂ ಒಂದೇ: ಸ್ವಂತ ಮನೆ.

ತಪ್ಪಲ್ಲ ಅದು. ಆದ್ರೆ ಬಾಡಿಗೆಯವನು ಆ ಲೆಕ್ಕದಿಂದ ಹೊರಗೇ ಉಳಿದ.

ಅವನು ಎಲ್ಲರ ಕಣ್ಣಿಗೆ ಬಿದ್ದದ್ದು 2020ರಲ್ಲಿ. ಲಾಕ್‌ಡೌನ್ ಆಯ್ತು, ಕೆಲಸ ಹೋಯ್ತು, ಬಾಡಿಗೆ ಕಟ್ಟಕ್ಕಾಗದೆ ಜನ ನಡ್ಕೊಂಡು ಊರಿಗೆ ಹೊರಟ್ರು. ಆ ಮೇ ತಿಂಗಳಲ್ಲಿ ಮುಂಬಯಿಯಿಂದ ಬಂದವರನ್ನ ಕುಂದಾಪುರ, ಬೈಂದೂರಿನ ಶಾಲೆ, ಹಾಸ್ಟೆಲುಗಳಲ್ಲಿ ಕ್ವಾರಂಟೈನ್ ಮಾಡಿದ್ದು ನಿಮಗೂ ನೆನಪಿರಬಹುದು. ಅದೇ ವರ್ಷ ಜುಲೈ 8ರಂದು ಕೇಂದ್ರ ಸಂಪುಟ ಕೈಗೆಟಕುವ ಬಾಡಿಗೆ ವಸತಿ ಸಮುಚ್ಚಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಎರಡು ದಾರಿ. ಒಂದು, ಸರಕಾರಿ ದುಡ್ಡಲ್ಲಿ ಕಟ್ಟಿ ಖಾಲಿ ಬಿದ್ದ ಮನೆಗಳನ್ನ 25 ವರ್ಷ ಬಾಡಿಗೆಗೆ ಕೊಡೋದು. ಇನ್ನೊಂದು, ಸ್ವಂತ ಖಾಲಿ ಜಾಗ ಇರೋ ಸಂಸ್ಥೆ ಹೊಸದಾಗಿ ಕಟ್ಟಿ 25 ವರ್ಷ ನಡೆಸೋದು. 2024ರ ಸೆಪ್ಟೆಂಬರಿನಲ್ಲಿ ಶುರುವಾದ ನಗರ ಆವಾಸ್ ಯೋಜನೆಯ ಎರಡನೇ ಹಂತದಲ್ಲೂ ಬಾಡಿಗೆ ವಸತಿ ಒಂದು ಭಾಗ.

ಆ ಎರಡನೇ ದಾರಿಯ ಅರ್ಜಿ ಯಾರು ಹಾಕ್ಬೇಕು? ಬಾಡಿಗೆದಾರ ಅಲ್ಲ. ಜಾಗ ಇರೋ ಸಂಸ್ಥೆ. ಅದಕ್ಕೆ ಜಾಗದ ದಾಖಲೆ ಬೇಕು, ನಕ್ಷೆ ಬೇಕು, 25 ವರ್ಷ ನಡೆಸೋ ತಾಕತ್ತು ಬೇಕು, ಪುರಸಭೆಯಂಥ ಸ್ಥಳೀಯ ಸಂಸ್ಥೆಯ ಅನುಮತಿ ಬೇಕು. ಅಂದ್ರೆ 1915ರಲ್ಲಿ ಕೇಳಿದ್ದನ್ನೇ ಇವತ್ತೂ ಕೇಳ್ತಾ ಇದ್ದಾರೆ: ನೀವು ಒಬ್ಬೊಬ್ಬರೋ, ಸಂಘವೋ?

ಇನ್ನೊಂದು ತೊಡಕು. ಈ ಯೋಜನೆ ನಗರಕ್ಕೆ. ಹಟ್ಟಿಯಂಗಡಿಯಲ್ಲಿ ಇರೋದು ಗ್ರಾಮ ಪಂಚಾಯಿತಿ. ಗೇರುಬೀಜದ ಫ್ಯಾಕ್ಟರಿಗೆ, ಹೋಟೆಲಿಗೆ, ಕಟ್ಟಡ ಕೆಲಸಕ್ಕೆ ಬಂದು ಹಳ್ಳಿಯಲ್ಲಿ ಬಾಡಿಗೆಗಿರೋ ಕುಟುಂಬಕ್ಕೆ ಗ್ರಾಮೀಣ ಆವಾಸ್‌ನಲ್ಲಿ ಬಾಡಿಗೆ ಮನೆ ಅನ್ನೋ ಕಲಮೇ ಇಲ್ಲ.

ಹಾಗಾಗಿ ನಿಮ್ಮೂರಿನ ಗ್ರಾಮಸಭೆಗೆ ಹೋದ್ರೆ ಎರಡು ಪ್ರಶ್ನೆ ಕೇಳಿ. ನಮ್ಮ ಪಂಚಾಯಿತಿಯಲ್ಲಿ ಬಾಡಿಗೆಗಿರೋ ಕುಟುಂಬ ಎಷ್ಟು, ಪಟ್ಟಿ ಉಂಟಾ? ಪಂಚಾಯಿತಿ ಜಾಗದಲ್ಲಿ ಜಾತಿ ಕೇಳದ ಒಂದು ಬಾಡಿಗೆದಾರರ ಸಂಘ ಮನೆ ಕಟ್ಟೋದಾದ್ರೆ ಜಾಗ ಗೇಣಿಗೆ ಕೊಡೋ ದಾರಿ ಏನು? ಉತ್ತರ ಆ ದಿನವೇ ಸಿಗ್ಲಿಕ್ಕಿಲ್ಲ. ಆದ್ರೆ ಪ್ರಶ್ನೆ ನಡಾವಳಿ ಪುಸ್ತಕದಲ್ಲಿ ಬರೆಸಿ ಬನ್ನಿ. ಬರವಣಿಗೆಯಲ್ಲಿ ಇಲ್ಲದ್ದಕ್ಕೆ ಯಾವ ಬಜೆಟ್ಟಲ್ಲೂ ದುಡ್ಡು ಇಡೋದಿಲ್ಲ ಮಾರಾಯ್ರೆ.

ಮುಂದಿನ ಕಂತಲ್ಲಿ ಸಿಗುವ. ಅಲ್ಲಿಯವರೆಗೆ, ಬಾಡಿಗೆ ರಶೀದಿ ಇಸ್ಕೊಳ್ಳೋದು ಮರೀಬೇಡಿ.