ಹೆಣ್ಣಾಳಿನ ಕೂಲಿ, ಹೆಣ್ಣುಮಗಳ ಪಾಲು

ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್ ಅವರನ್ನು ನಾಡು ಇಂದಿಗೂ ‘ನೀರ್ ಸಾಬ್’ ಎಂದೇ ನೆನೆಯುತ್ತದೆ. ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿದ್ದು ಹಳ್ಳಿಹಳ್ಳಿಗೆ ಕೊಳವೆಬಾವಿ ಕೊಡಿಸಿ, ಕೊಡ ಹೊತ್ತು ನಡೆಯುತ್ತಿದ್ದ ಹೆಂಗಸರ ಭಾರ ಇಳಿಸಿದರು. ಅವರ ಇನ್ನೊಂದು ಕೊಡುಗೆ ಮಾತ್ರ ಅಷ್ಟಾಗಿ ಬಾಯಿಗೆ ಬರುವುದಿಲ್ಲ. ಅವರು ಮುಂದೆ ನಿಂತು ರೂಪಿಸಿದ 1983ರ ಕಾಯ್ದೆ ಜಿಲ್ಲಾ ಪರಿಷತ್ತು ಹಾಗೂ ಮಂಡಲ ಪಂಚಾಯಿತಿಗಳಲ್ಲಿ ಶೇ. 25 ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟಿತು. ಅದರಂತೆ 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ದೇಶಕ್ಕೆಲ್ಲ ಮೂರನೇ ಒಂದು ಪಾಲು ಕೊಟ್ಟ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ.

ಕುರ್ಚಿ ಸಿಕ್ಕಿತು ಸರಿ, ಕೂಲಿಯ ಗತಿ ಏನು? ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ತೋಟಗಳಲ್ಲಿ ‘ಗಂಡಾಳು’, ‘ಹೆಣ್ಣಾಳು’ ಎಂಬ ಎರಡು ಮಾತುಗಳಿವೆ. ಕೂಲಿಯ ದರವೂ ಆ ಮಾತಿನ ಹಿಂದೆಯೇ ಎರಡಾಗುತ್ತದೆ. 1976ರ ಸಮಾನ ವೇತನ ಕಾಯ್ದೆ ಒಂದೇ ಬಗೆಯ ಕೆಲಸಕ್ಕೆ ಒಂದೇ ಕೂಲಿ ಎಂದಿತು. ಆದರೆ ಇಲ್ಲಿ ಕೆಲಸವೇ ಹಂಚಿಹೋಗಿತ್ತು! ಮರ ಹತ್ತಿ ಕೊನೆ ಕೊಯ್ಯುವುದು, ಔಷಧಿ ಹೊಡೆಯುವುದು ಗಂಡಸರದು. ಕಾಫಿ ಹಣ್ಣು ಕೊಯ್ಯುವುದು, ಕಳೆ ಕೀಳುವುದು, ಅಡಿಕೆ ಸುಲಿಯುವುದು ಹೆಚ್ಚಾಗಿ ಹೆಂಗಸರದು. ಮರ ಹತ್ತುವುದು ಅಪಾಯದ ಕೆಲಸ, ಅದಕ್ಕೆ ಹೆಚ್ಚು ಕೊಡುವುದನ್ನು ಯಾರೂ ಆಕ್ಷೇಪಿಸಲಾರರು. ಆದರೆ ಮನೆಯ ಅಡುಗೆ ಮುಗಿಸಿ ರಾತ್ರಿ ಹೊತ್ತು ಮೆಟ್ಟುಗತ್ತಿಯ ಮುಂದೆ ಕುಳಿತು, ಚೊಗರಿನಿಂದ ಬೆರಳು ಕಪ್ಪಾಗುವವರೆಗೆ ಸುಲಿದವಳ ಕೈಚಳಕಕ್ಕೆ ಬೆಲೆ ಕಟ್ಟಿದವರು ಯಾರು? ಸುಲಿದಷ್ಟಕ್ಕೆ ಲೆಕ್ಕ ಹಾಕಿ ಕೂಲಿ ಕೊಡುವಲ್ಲಿ, ಹೋಲಿಸಲು ಗಂಡಾಳೇ ಇಲ್ಲದಿದ್ದಾಗ ‘ಸಮಾನ’ ಎಂಬ ಪದಕ್ಕೆ ಅರ್ಥವೇ ಉಳಿಯಲಿಲ್ಲ. 2005ರ ಉದ್ಯೋಗ ಖಾತರಿ ಕಾಯ್ದೆ ಗಂಡಿಗೂ ಹೆಣ್ಣಿಗೂ ಒಂದೇ ದರವೆಂದು ವಿಧಿಸಿದ್ದು ಅದಕ್ಕೇ ದೊಡ್ಡ ಮಾತು.

ಉಳಿತಾಯದ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ನಬಾರ್ಡ್ ಯೋಜನೆ 1992ರಲ್ಲಿ, ರಾಜ್ಯದ ಸ್ತ್ರೀ ಶಕ್ತಿ ಯೋಜನೆ 2000ದಲ್ಲಿ ಬಂದವು. ಬ್ಯಾಂಕಿನ ಮೆಟ್ಟಿಲನ್ನೇ ಹತ್ತದವರು ಪಾಸ್‌ಬುಕ್ ಹಿಡಿದರು. ಸಾಲ ಹೆಂಡತಿಯ ಹೆಸರಿನಲ್ಲಿ, ಖರ್ಚು ಗಂಡನ ಕೈಯಲ್ಲಿ ಎಂಬ ಮನೆಗಳೂ ಇಲ್ಲದಿಲ್ಲ.

ಕೆಲಸಕ್ಕೂ ಬ್ಯಾಂಕಿಗೂ ಹೋಗಲು ಬಸ್ಸು ಬೇಕಲ್ಲ! ಕೊಪ್ಪದಲ್ಲಿ ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿದ ‘ಸಹಕಾರ ಸಾರಿಗೆ’ ಈ ಗುಡ್ಡಗಾಡಿನ ಜೀವನಾಡಿಯಾಗಿತ್ತು. 2020ರ ಫೆಬ್ರುವರಿಯಲ್ಲಿ ಅದು ನಿಂತಿತು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ. ಖಾಸಗಿ ಬಸ್ಸನ್ನೇ ನಂಬಿದ ಊರಿನ ಹೆಣ್ಣುಮಗಳು ಟಿಕೆಟ್ ಕೊಳ್ಳಲೇಬೇಕು.

ಇನ್ನು ಜಮೀನಿನ ಮಾತು. ಈ ತಾಲ್ಲೂಕುಗಳು ಮೈಸೂರು ಸಂಸ್ಥಾನದ ಕಡೂರು ಜಿಲ್ಲೆಯಲ್ಲಿದ್ದಾಗ, 1933ರಲ್ಲೇ ಮೈಸೂರು ಸರ್ಕಾರ ಹಿಂದೂ ಸ್ತ್ರೀಯರ ಹಕ್ಕಿನ ಕಾಯ್ದೆ ತಂದಿತು. ಬ್ರಿಟಿಷ್ ಇಂಡಿಯಾದಲ್ಲಿ ಅಂಥದ್ದು ಬಂದದ್ದು ನಾಲ್ಕು ವರ್ಷ ತಡವಾಗಿ. 1994ರಲ್ಲಿ ಕರ್ನಾಟಕ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿತು, ಕೇಂದ್ರ 2005ರಲ್ಲಿ. ನಮ್ಮಲ್ಲಾದರೋ ಮಗಳ ಪಾಲು ಪವಿತ್ರ ಕುರ್‌ಆನ್‌ನಲ್ಲೇ ನಿಗದಿಯಾಗಿದೆ, ಮಗನ ಪಾಲಿನ ಅರ್ಧ. ಆದರೂ 1937ರ ಷರೀಅತ್ ಅನ್ವಯ ಕಾಯ್ದೆ ಕೃಷಿಭೂಮಿಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತ್ತು. ಅಂದರೆ ಹೊಲ, ಗದ್ದೆ, ತೋಟಗಳೇ ಹೊರಗೆ!

ಕಾನೂನು ಬೇರೆಬೇರೆಯಾದರೂ ನಡೆಯುವುದು ಒಂದೇ. ಮಹರ್ ‘ಮಾಫ್’ ಮಾಡಿಸಿಕೊಳ್ಳುವಂತೆಯೇ, ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ಅಕ್ಕತಂಗಿಯರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುತ್ತಾರೆ. ಪಹಣಿಯಲ್ಲಿ ಅಣ್ಣತಮ್ಮಂದಿರ ಹೆಸರು ಕೂರುತ್ತದೆ. ಹೆಸರಿಲ್ಲದವಳಿಗೆ ಬೆಳೆಸಾಲವೂ ಇಲ್ಲ, ಬೆಳೆವಿಮೆಯೂ ಇಲ್ಲ. ಅದೇ ತೋಟದ ಅಡಿಕೆಯನ್ನು ಅವಳು ಮುಂದೆಯೂ ಸುಲಿಯುತ್ತಿರುತ್ತಾಳೆ.