ರೋಗಿಗಳು ಹೇಳಿ ಬರೆಸಿದ ನಕ್ಷೆ

ಮನಶ್ಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ಒಬ್ಬ ವಿಚಿತ್ರ ಮನುಷ್ಯ ಮತ್ತೆ ಮತ್ತೆ ಎದುರಾಗುತ್ತಾನೆ. ಮೊರದಗಲದ ಕೈ, ದಪ್ಪ ತುಟಿ, ದೊಡ್ಡ ನಾಲಗೆ, ಕಡ್ಡಿಯಂಥ ಮೈ. ಹೋಮಂಕ್ಯುಲಸ್, ಅಂದರೆ ಪುಟ್ಟ ಮನುಷ್ಯ, ಎಂದು ಅವನ ಹೆಸರು. ಮೈಯ ಯಾವ ಭಾಗದ ಸ್ಪರ್ಶಕ್ಕೆ ಮಿದುಳಿನ ಹೊರಪದರದಲ್ಲಿ ಎಷ್ಟು ಜಾಗವಿದೆ ಎಂಬುದನ್ನು ಅವನ ಅಳತೆಗಳು ಹೇಳುತ್ತವೆ. ವಿಜ್ಞಾನದ ಇತಿಹಾಸ ಓದುತ್ತಿರುವ ನನಗೆ ಕುತೂಹಲವಿರುವುದು ಈ ಚಿತ್ರಕ್ಕೆ ಸಾಕ್ಷಿ ನುಡಿದವರ ಬಗ್ಗೆ. ಚಲನೆಯ ಕೇಂದ್ರಗಳನ್ನು ಹುಡುಕಲು ಪ್ರಾಣಿಗಳು ಸಾಕಾಗಿದ್ದವು. 1870ರಲ್ಲಿ ಬರ್ಲಿನ್ನಿನ ಫ್ರಿಚ್ ಮತ್ತು ಹಿಟ್ಸಿಗ್ ನಾಯಿಯ ಮಿದುಳಿಗೆ ವಿದ್ಯುತ್ ಮುಟ್ಟಿಸಿದರು, ಕಾಲು ಅದುರಿತು, ಬರೆದುಕೊಂಡರು. ಸಂವೇದನೆ ಹಾಗಲ್ಲ. ಬೆರಳು ಜುಮ್ಮೆಂದಿತು ಎಂದು ನಾಯಿ ಹೇಳಲಾರದು. ಎಚ್ಚರವಾಗಿರುವ ಮನುಷ್ಯರೇ ಬಾಯಿಬಿಟ್ಟು ಹೇಳಬೇಕು.

ಹಾಗೆ ಹೇಳಿದವರಲ್ಲಿ ಮೊದಲಿಗೆ ಸಿಗುವುದು ಮೇರಿ ರಾಫರ್ಟಿ. 1874, ಅಮೆರಿಕದ ಸಿನ್ಸಿನಾಟಿ. ಮನೆಗೆಲಸ ಮಾಡಿಕೊಂಡಿದ್ದ ಹೆಂಗಸು. ನೆತ್ತಿಯ ಹುಣ್ಣು ತಲೆಬುರುಡೆಯನ್ನೇ ತಿಂದುಹಾಕಿ ಮಿದುಳು ಮಿಡಿಯುವುದು ಕಾಣುತ್ತಿತ್ತು. ವೈದ್ಯ ರಾಬರ್ಟ್ಸ್ ಬಾರ್ಥೊಲೊ ಅಲ್ಲಿ ಸೂಜಿ ಚುಚ್ಚಿ ವಿದ್ಯುತ್ ಹರಿಸಿದ. ಎದುರು ಬದಿಯ ಕೈಕಾಲು ಸೆಳೆದವು. ಸಹಿಸಲಾಗದಂತೆ ಜುಮ್ಮೆನ್ನುತ್ತಿದೆ ಎಂದು ಆಕೆ ದೂರಿದಳು. ಪ್ರವಾಹ ಹೆಚ್ಚಿಸಿದಾಗ ಅತ್ತಳು, ಫಿಟ್ಸ್ ಬಂತು. ಕೆಲವೇ ದಿನಗಳಲ್ಲಿ ತೀರಿಕೊಂಡಳು. ಆಕೆಯನ್ನು ಮಂದಬುದ್ಧಿಯವಳೆಂದು ಕರೆದ ವರದಿಯೇ ಆಕೆ ಒಪ್ಪಿಗೆ ಕೊಟ್ಟಳೆಂದೂ ಹೇಳುತ್ತದೆ. ಆ ಎರಡು ಮಾತನ್ನು ಒಟ್ಟಿಗೆ ಓದುವುದು ಕಷ್ಟ. ವೈದ್ಯ ಸಮುದಾಯ ಖಂಡಿಸಿತು, ಬಾರ್ಥೊಲೊ ವಿಷಾದ ಸೂಚಿಸಿದ.

1909ರಲ್ಲಿ ಹಾರ್ವೆ ಕುಶಿಂಗ್, ಎಚ್ಚರವಿದ್ದ ಇಬ್ಬರು ಮೂರ್ಛೆರೋಗಿಗಳಲ್ಲಿ ಮಿದುಳಿನ ನಡುಸೀಳಿನ ಹಿಂದಿನ ಮಡಿಕೆಯನ್ನು ಮುಟ್ಟಿ ಕೈಯಲ್ಲಿ ಸ್ಪರ್ಶದ ಅನುಭವ ಹುಟ್ಟಿಸಿದ. ಮಿದುಳಿಗೆ ಸ್ವತಃ ನೋವಿಲ್ಲ. ನೆತ್ತಿಯ ಚರ್ಮಕ್ಕೆ ಮರಗಟ್ಟುವ ಮದ್ದು ಕೊಟ್ಟರೆ ರೋಗಿ ಮಾತಾಡುತ್ತಲೇ ಇರಬಹುದು.

ಇದನ್ನು ಕ್ರಮಬದ್ಧವಾಗಿ ಮಾಡಿದವನು ವೈಲ್ಡರ್ ಪೆನ್‌ಫೀಲ್ಡ್. 1928ರಲ್ಲಿ ಬ್ರೆಸ್ಲಾವ್‌ನ ಓಟ್‌ಫ್ರಿಡ್ ಫೋರ್ಸ್ಟರ್ ಬಳಿ ಈ ವಿದ್ಯೆ ಕಲಿತ. 1934ರಲ್ಲಿ ಮಾಂಟ್ರಿಯಲ್ ನ್ಯೂರಾಲಾಜಿಕಲ್ ಇನ್‌ಸ್ಟಿಟ್ಯೂಟ್ ಅವನ ನೇತೃತ್ವದಲ್ಲಿ ಶುರುವಾಯಿತು. ಅವನ ಉದ್ದೇಶ ನಕ್ಷೆಯಷ್ಟೇ ಅಲ್ಲ: ಮೂರ್ಛೆಗೆ ಕಾರಣವಾದ ಭಾಗವನ್ನು ಕತ್ತರಿಸುವಾಗ ಕೈಯ ಚಲನೆಯೋ ಮಾತೋ ಹೋಗಬಾರದು. ಒಂದೊಂದು ಬಿಂದುವಿಗೂ ವಿದ್ಯುತ್ ಮುಟ್ಟಿಸಿ, ರೋಗಿ ಏನಾದರೂ ಹೇಳಿದರೆ ಅಲ್ಲಿ ಅಂಕಿಯಿದ್ದ ಪುಟ್ಟ ಚೀಟಿ ಇಡುತ್ತಿದ್ದರು; ಹೇಳಿದ್ದನ್ನು ಬರೆದುಕೊಂಡು ಮಿದುಳಿನ ಫೋಟೊ ತೆಗೆಯುತ್ತಿದ್ದರು. ಹೆಬ್ಬೆರಳು. ತುಟಿ. ನಾಲಗೆಯ ತುದಿ. 1937ರಲ್ಲಿ ಪೆನ್‌ಫೀಲ್ಡ್ ಮತ್ತು ಎಡ್ವಿನ್ ಬೋಲ್ಡ್ರಿ 100ಕ್ಕೂ ಹೆಚ್ಚು ರೋಗಿಗಳ ಇಂಥ ಉತ್ತರಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದರು. ಪುಟ್ಟ ಮನುಷ್ಯನ ಚಿತ್ರ ಬರೆದಾಕೆ ಹೋರ್ಟೆನ್ಸ್ ಕ್ಯಾಂಟ್ಲಿ.

ಈ ವರದಿಗಳನ್ನು ಕನ್ನಡದಲ್ಲಿ ಹೇಳಿಕೊಳ್ಳುವಾಗ ನನಗೊಂದು ತೊಡಕು. ರೋಗಿಗಳು ಹೆಚ್ಚಾಗಿ ಹೇಳಿದ್ದು ನೋವನ್ನಲ್ಲ. ಜುಮ್ಮೆನ್ನುವುದು, ಜೋಮು ಹಿಡಿದಂತಾಗುವುದು. ನಮ್ಮಲ್ಲಿ ಜೋಮು ಎಂದರೆ ಸ್ಪರ್ಶ ಸತ್ತದ್ದೂ ಹೌದು, ಕಾಲು ಮಡಚಿ ಕೂತೆದ್ದಾಗ ಇರುವೆ ಹರಿದಂತಾಗುವುದೂ ಹೌದು. ಸರ್ಜನ್ ಕೇಳಿದರೆ ನಮ್ಮಜ್ಜಿ ಎರಡಕ್ಕೂ ಅದೊಂದೇ ಪದ ಹೇಳಿಯಾರು. ವಿದ್ಯುತ್ ಎಲ್ಲರಿಗೂ ಒಂದೇ; ಉತ್ತರ ಮಾತ್ರ ರೋಗಿಯ ನುಡಿಯಿಂದ ಬರಬೇಕು.

ಹೇಳದೆ ಉಳಿದದ್ದೂ ಇದೆ. ಆ ಮೇಜಿನ ಮೇಲೆ ಹೆಂಗಸರೂ ಮಲಗಿದ್ದರು, ಆದರೆ 1950ರ ಪುಸ್ತಕದ ಪ್ರಸಿದ್ಧ ಚಿತ್ರದಲ್ಲಿರುವುದು ಗಂಡಸಿನ ಮೈ. ಜನನಾಂಗದ ಸಂವೇದನೆ ಹೇಳಿಕೊಂಡ ರೋಗಿಗಳು ತೀರ ಕಡಿಮೆ. ತಲೆಬುರುಡೆ ತೆರೆದು, ಅಪರಿಚಿತರ ನಡುವೆ, ಬರೆದುಕೊಳ್ಳಲು ಒಬ್ಬರು ಕಾದಿರುವಾಗ ಯಾವ ಹೆಂಗಸು ಅದನ್ನು ಹೇಳಿಯಾಳು? 2011ರಲ್ಲಿ ಬ್ಯಾರಿ ಕೋಮಿಸರುಕ್ ಮತ್ತು ಸಂಗಡಿಗರು ಎಫ್‌ಎಂಆರ್‌ಐ ಯಂತ್ರದಲ್ಲಿ ಹೆಂಗಸರ ಮಿದುಳಿನ ಆ ಜಾಗಗಳನ್ನು ಗುರುತಿಸಿದರು. ಬುರುಡೆ ತೆರೆಯಬೇಕಾಗಲಿಲ್ಲ. ಮೊಲೆತೊಟ್ಟಿನ ಸ್ಪರ್ಶಕ್ಕೆ ಎದೆಯ ಪ್ರದೇಶದ ಜೊತೆ ಜನನಾಂಗದ ಪ್ರದೇಶವೂ ಎಚ್ಚೆತ್ತದ್ದು ಅಲ್ಲಿ ಕಂಡಿತು.