ಕೊಪ್ಪಳದ ಕೋಟೆ ಮತ್ತು ಕಣ್ಣುಳ್ಳ ಗುಂಡು: ಎಡೆದೊರೆ ನಾಡಿನ ಒಂದು ಮುತ್ತಿಗೆಯ ಮರುಪರಿಶೀಲನೆ

ಕೊಪ್ಪಳದ ಕೋಟೆಗೆ 1790ರ ಅಕ್ಟೋಬರ್ ಕೊನೆಯಲ್ಲಿ ಬಿದ್ದ ಮುತ್ತಿಗೆ ಮುಗಿದದ್ದು 1791ರ ಏಪ್ರಿಲ್‌ನಲ್ಲಿ. ಹೈದರಾಬಾದಿನ ನಿಜಾಮನ ಸೈನ್ಯವೂ ಅದರ ಜೊತೆಗಿದ್ದ ಈಸ್ಟ್ ಇಂಡಿಯಾ ಕಂಪನಿಯ ತುಕಡಿಯೂ ಸುಮಾರು ಆರು ತಿಂಗಳು ಇಲ್ಲಿ ಬೀಡುಬಿಟ್ಟಿದ್ದವು. ಕೊನೆಗೆ ಕೋಟೆಯೊಳಗಿದ್ದ ಟಿಪ್ಪುವಿನ ಕಡೆಯವರ ಧೈರ್ಯ ಕುಂದಿಸಿದ್ದು ಮಾರ್ಚ್ 21ರಂದು ಬೆಂಗಳೂರು ಬಿದ್ದ ಸುದ್ದಿ. ಕೊಪ್ಪಳದ ಬೆನ್ನಿಗೇ ಪಕ್ಕದ ಬಹದ್ದೂರಬಂಡಿ ಕೋಟೆಯೂ ಶರಣಾಯಿತು. ಮೂರನೆಯ ಮೈಸೂರು ಯುದ್ಧದ ಕಥನಗಳಲ್ಲಿ ಕೊಪ್ಪಳದ ಮುತ್ತಿಗೆಗೆ ಸಿಗುವುದು ಒಂದೆರಡು ಸಾಲು ಮಾತ್ರ. ಫಿರಂಗಿ ವಿದ್ಯೆಯ ಇತಿಹಾಸದಲ್ಲಿ ಇದಕ್ಕೆ ದೊಡ್ಡ ಜಾಗ ಸಲ್ಲಬೇಕೆಂಬುದು ನನ್ನ ವಾದ. ಗುಂಡು ಎಷ್ಟು ಭಾರ ಎಂಬ ಪ್ರಶ್ನೆಗಿಂತ ಗುರಿಯನ್ನು ಯಾರು, ಎಲ್ಲಿಂದ ಕಾಣುತ್ತಾರೆ ಎಂಬ ಪ್ರಶ್ನೆ ಹಿರಿದೆಂದು ಕೊಪ್ಪಳದ ಬಂಡೆಕೋಟೆ ತೋರಿಸಿಕೊಟ್ಟಿತು. ಲೇಸರ್ ಬೆಳಕನ್ನು ಹಿಂಬಾಲಿಸಿ ಗುರಿ ಸೇರುವ ಇಂದಿನ ತೋಪಿನ ಗುಂಡು, ಅಂದರೆ ಲೇಸರ್ ಗುಂಡು, ಉತ್ತರಿಸಹೊರಟಿರುವುದೂ ಅದೇ ಪ್ರಶ್ನೆಗೆ.

ಟಿಪ್ಪು ಸುಲ್ತಾನ್ 1786ರಲ್ಲಿ ಪಾಳೆಯಗಾರನಿಂದ ಈ ಕೋಟೆಯನ್ನು ಪಡೆದು, ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಕೆಳಗೋಟೆಯನ್ನು ಹೊಸದಾಗಿ ಕಟ್ಟಿಸಿದ. ಮೇಲ್ಗೋಟೆ ಒಂಟಿ ಬಂಡೆಗುಡ್ಡದ ನೆತ್ತಿಯ ಮೇಲಿದೆ. ಯುವಕನಾಗಿದ್ದಾಗ ಇದನ್ನು ಕಂಡ ಕಂಪನಿಯ ಅಧಿಕಾರಿ ಜಾನ್ ಮಾಲ್ಕಂ, ಭಾರತದಲ್ಲಿ ತಾನು ನೋಡಿದ ಅತ್ಯಂತ ಬಲವಾದ ಸ್ಥಳ ಇದೇ ಎಂದು ಬರೆದ. ಆ ಕಾಲದ ಮುತ್ತಿಗೆಯ ತೋಪು ಹೆಚ್ಚುಕಡಿಮೆ ನೇರಕ್ಕೆ ಹೊಡೆಯುವ ಯಂತ್ರ. ಬಯಲಿನಿಂದ ಹಾರಿಸಿದ ಕಬ್ಬಿಣದ ಗುಂಡು ಬಂಡೆಗೆ ಬಡಿದರೆ ಚಕ್ಕೆ ಏಳುತ್ತದೆ; ಸ್ವಲ್ಪ ಮೇಲೆತ್ತಿ ಹೊಡೆದರೆ ನೆತ್ತಿಯನ್ನು ದಾಟಿ ಆಚೆ ಹೋಗುತ್ತದೆ. ಗೋಡೆಯ ಹಿಂದೆ ಕುಳಿತವನಿಗೆ ಎರಡರಿಂದಲೂ ಹೆಚ್ಚಿನ ಬಾಧೆಯಿಲ್ಲ. ಗುಂಡನ್ನು ಎತ್ತರಕ್ಕೆ ಎಸೆದು ಮೇಲಿಂದ ಬೀಳಿಸುವ ಗಿಡ್ಡ ನಳಿಗೆಯ ಹೊವಿಟ್ಜರ್ ಆ ಕಾಲಕ್ಕೂ ಇತ್ತು. ಆದರೆ ಅದರ ಪೊಳ್ಳು ಗುಂಡು ಸಿಡಿಯುವ ಹೊತ್ತನ್ನು ಬತ್ತಿಯ ಉದ್ದದಿಂದ ಅಂದಾಜಿಸಬೇಕಿತ್ತು. ಅದು ಬಿದ್ದ ಜಾಗ ಗೋಲಂದಾಜನಿಗೆ ಕಾಣುತ್ತಲೂ ಇರಲಿಲ್ಲ.

ಇಂದಿನ 155 ಮಿ.ಮೀ. ಹೊವಿಟ್ಜರ್ ನಲವತ್ತು ಕಿಲೊಗೂ ಮಿಕ್ಕಿದ ಗುಂಡನ್ನು ಇಪ್ಪತ್ತು ಕಿಲೊಮೀಟರಿನಾಚೆಗೆ ಎಸೆಯುತ್ತದೆ. ದೂರ ಹೆಚ್ಚಿದಷ್ಟೂ ಗಾಳಿ, ಮದ್ದಿನ ಉಷ್ಣತೆ, ನಳಿಗೆಯ ಸವೆತ ಎಲ್ಲ ಸೇರಿ ಗುಂಡನ್ನು ಗುರಿಯಿಂದ ಹತ್ತಾರು, ಕೆಲವೊಮ್ಮೆ ನೂರಾರು ಮೀಟರ್ ಸರಿಸುತ್ತವೆ. ಅಮೆರಿಕದ ಕಾಪರ್‌ಹೆಡ್, ರಷ್ಯದ ಕ್ರಾಸ್ನೊಪೋಲ್ ಎಂಬ ಲೇಸರ್ ಗುಂಡುಗಳು ಹುಟ್ಟಿದ್ದು ಈ ತಪ್ಪನ್ನು ತಿದ್ದಲು. ಇಲ್ಲಿ ಕಣ್ಣು ಬೇರೆ, ತೋಪು ಬೇರೆ. ಗುರಿಗೆ ಕೆಲವು ಕಿಲೊಮೀಟರ್ ಹತ್ತಿರದಲ್ಲಿ ಅಡಗಿದ ವೀಕ್ಷಕ, ಮೊದಲೇ ಗೊತ್ತುಮಾಡಿದ ಲಯದಲ್ಲಿ ಮಿಡಿಯುವ, ಬರಿಗಣ್ಣಿಗೆ ಕಾಣದ ಲೇಸರ್ ಕಿರಣವನ್ನು ಗುರಿಯ ಮೇಲೆ ಹಿಡಿಯುತ್ತಾನೆ. ಗುಂಡಿನ ಮೂತಿಯಲ್ಲಿರುವ ಗ್ರಾಹಕದಲ್ಲಿ ನಾಲ್ಕು ಭಾಗಗಳಿರುತ್ತವೆ. ಚದುರಿ ಬಂದ ಬೆಳಕು ಯಾವ ಭಾಗದ ಮೇಲೆ ಹೆಚ್ಚು ಬೀಳುತ್ತದೆ ಎಂಬುದರಿಂದ ತಪ್ಪಿನ ದಿಕ್ಕು ತಿಳಿಯುತ್ತದೆ. ಅದಕ್ಕೆ ತಕ್ಕಂತೆ ಪುಟ್ಟ ರೆಕ್ಕೆಗಳು ಹೊರಳುತ್ತವೆ. ಬೆರಗಿನ ಸಂಗತಿ ಬೇರೆಯೇ ಇದೆ. ನಳಿಗೆಯೊಳಗೆ ಗುರುತ್ವದ ಸಾವಿರಾರು ಪಟ್ಟು ಒತ್ತಡವನ್ನು ತಾಳಿಕೊಂಡ ಮೇಲೂ ಈ ನಾಜೂಕು ಕಣ್ಣು ತೆರೆಯಬೇಕು.

1999ರ ಕಾರ್ಗಿಲ್‌ನಲ್ಲಿ ಬೋಫೋರ್ಸ್ ತೋಪುಗಳು ಎದುರಿಸಿದ್ದೂ ಕೊಪ್ಪಳದ್ದೇ ಸಮಸ್ಯೆ: ನೆತ್ತಿಯ ಮೇಲೆ, ಬಂಡೆಯ ಮರೆಯಲ್ಲಿ ಕುಳಿತ ಶತ್ರು. ಅಲ್ಲಿ ಒಟ್ಟು ಸುಮಾರು ಎರಡೂವರೆ ಲಕ್ಷ ಶೆಲ್, ರಾಕೆಟ್, ಬಾಂಬುಗಳು ಖರ್ಚಾದವು. ಭಾರತ ಕ್ರಾಸ್ನೊಪೋಲ್ ಕೊಂಡದ್ದು ಆ ಅನುಭವದ ಬೆನ್ನಿಗೆ. ಗುರಿಯನ್ನು ಕಾಣುವ ಇನ್ನೊಂದು ಕಣ್ಣು ರೇಡಾರ್: ಶತ್ರುವಿನ ಗುಂಡಿನ ಜಾಡು ಹಿಡಿದು ಅವನ ತೋಪಿನ ನೆಲೆಯನ್ನು ಪತ್ತೆಹಚ್ಚುವ 'ಸ್ವಾತಿ' ರೇಡಾರ್ ರೂಪುಗೊಂಡದ್ದು ಬೆಂಗಳೂರಿನ ಡಿಆರ್‌ಡಿಒ ಪ್ರಯೋಗಾಲಯ ಮತ್ತು ಬಿಇಎಲ್‌ನ ಕೈಯಲ್ಲಿ. ಇನ್ನು ತೋಪಿನ ಮಾತಿಗೆ ಬಂದರೆ, ಕೊಪ್ಪಳದ ಪಕ್ಕದ ಗಿಣಿಗೇರಿಯಲ್ಲಿ ಕಲ್ಯಾಣಿ ಸಮೂಹದ ಉಕ್ಕಿನ ಕಾರ್ಖಾನೆಯಿದೆ. ಅದೇ ಸಮೂಹದ ಭಾರತ್ ಫೋರ್ಜ್, 52 ಕ್ಯಾಲಿಬರ್ ನಳಿಗೆಯ ಸ್ವದೇಶಿ ಎಟಿಎಜಿಎಸ್ ತೋಪಿನ ನಿರ್ಮಾಣದಲ್ಲಿ ಪಾಲುದಾರ. ಗಿಣಿಗೇರಿಯ ಉಕ್ಕೇ ಆ ನಳಿಗೆಯಾಯಿತೆಂದು ಇದರಿಂದ ತೀರ್ಮಾನಿಸಬಾರದು.

ಲೇಸರ್ ಗುಂಡಿಗೂ ಮಿತಿಯಿದೆ. ಹೊಗೆ, ಧೂಳು, ತಗ್ಗಿದ ಮೋಡ ಕಿರಣವನ್ನು ನುಂಗುತ್ತವೆ. ಕೊನೆಯ ಕ್ಷಣಗಳಲ್ಲಿ ವೀಕ್ಷಕನ ಕೈ ಅಲುಗಬಾರದು, ಅವನ ನೋಟಕ್ಕೆ ಏನೂ ಅಡ್ಡ ಬರಬಾರದು. ನಮ್ಮ ಕೊಪ್ಪಳ ಜಿಲ್ಲೆಯ ನೆಲದಲ್ಲಿ ಇದನ್ನು ಊಹಿಸಿಕೊಳ್ಳಬಹುದು. ಕುಷ್ಟಗಿ, ಯಲಬುರ್ಗಾದ ಎರೆ ಬಯಲಿನಲ್ಲಿ ಗುರಿ ದೂರದಿಂದಲೇ ಕಾಣುತ್ತದೆ, ವೀಕ್ಷಕನಿಗೆ ಮರೆ ಸಿಗುವುದಿಲ್ಲ. ಗಂಗಾವತಿಯಿಂದ ಆನೆಗೊಂದಿಯತ್ತ ಹೋದರೆ ಮರೆಗೆ ಕೊರತೆಯಿಲ್ಲ, ಆದರೆ ಗುಂಡುಗಲ್ಲುಗಳು ಹತ್ತು ಹೆಜ್ಜೆಗೊಮ್ಮೆ ನೋಟಕ್ಕೆ ಅಡ್ಡ ನಿಲ್ಲುತ್ತವೆ. ಕೊಪ್ಪಳದ ಮೇಲ್ಗೋಟೆಯ ಒಳಭಾಗವನ್ನು ಕೆಳಗಿನಿಂದ ನೋಡಲು ಇಂದಿಗೂ ಆಗುವುದಿಲ್ಲ. ಅದಕ್ಕೆ ಡ್ರೋನ್ ಬೇಕು.

1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದ ಮುಂಡರಗಿ ಭೀಮರಾಯ ಮತ್ತು ಹಮ್ಮಿಗೆ ಕೆಂಚನಗೌಡರು ಹಿಡಿದಿದ್ದ ಇದೇ ಕೋಟೆ ಜೂನ್ 1ರಂದು ಬ್ರಿಟಿಷರ ವಶವಾಯಿತು. ಆ ಬಾರಿ ಆರು ತಿಂಗಳು ಬೇಕಾಗಲಿಲ್ಲ. ಈ ವ್ಯತ್ಯಾಸಕ್ಕೆ ಕಾವಲಿನವರ ಸಂಖ್ಯೆಯೊಂದೇ ಕಾರಣವೇ, ತೋಪು ನಿಂತ ಜಾಗವೂ ಕಾರಣವೇ ಎಂಬುದನ್ನು ಕಾಗದಪತ್ರಗಳಿಂದ ಮಾತ್ರ ಬಗೆಹರಿಸಲಾಗದು. ಸುತ್ತಲಿನ ಹೊಲಗಳಿಂದ ಮತ್ತು ಬಹದ್ದೂರಬಂಡಿಯ ಗುಡ್ಡದಿಂದ ಕೋಟೆಯ ಯಾವ ಭಾಗ ಕಾಣುತ್ತದೆ, ಯಾವುದು ಮರೆಯಾಗುತ್ತದೆ ಎಂಬ ನೋಟದ ನಕ್ಷೆ ಮೊದಲು ಸಿದ್ಧವಾಗಬೇಕು. ಕಲ್ಲುಗಣಿಗಳು ಗುಡ್ಡಗಳನ್ನು ಕರಗಿಸುವ ಮುನ್ನ ಆ ಅಳತೆ ಮುಗಿಯಬೇಕು.